ಬ್ಲೂಸ್ ಸ್ಯಾಕ್ಸೋಫೋನ್: ಪುಸ್ತಕ ನೋಡಿ ಕಲಿಯಬಹುದೇ?

ಪ್ರಶ್ನೆ: ಆರು ವರ್ಷದಿಂದ ಆಲ್ಟೊ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಮದುವೆ, ಗೃಹಪ್ರವೇಶಗಳಲ್ಲಿ ಗುರುಗಳ ಜೊತೆ ಕೂತು ನುಡಿಸುತ್ತೇನೆ. ಇತ್ತೀಚೆಗೆ ಅಮೆರಿಕದ ಬ್ಲೂಸ್, ರಾಕ್ ಹಾಡುಗಳ ಸ್ಯಾಕ್ಸೋಫೋನ್ ಕೇಳಿ ಮನಸ್ಸು ಅತ್ತ ಹೋಗಿದೆ. ಆ ಗೊಗ್ಗರು ದನಿ, ಆ ಚೀರುವ ಮೇಲಿನ ಸ್ವರ ನಮ್ಮ ವಾದ್ಯದಲ್ಲೂ ಬರುತ್ತದೆಯೇ? ನಮ್ಮ ಕಡೆ ಇದನ್ನು ಹೇಳಿಕೊಡುವವರಿಲ್ಲ. ಎರಡು ಪುಸ್ತಕ ತರಿಸಿಕೊಂಡಿದ್ದೇನೆ. ಪಾಶ್ಚಾತ್ಯ ಸ್ವರಲಿಪಿಯನ್ನು ನಿಧಾನವಾಗಿ ಓದಬಲ್ಲೆ. ಪುಸ್ತಕ ನೋಡಿಕೊಂಡೇ ಕಲಿಯಲು ಆಗುತ್ತದೆಯೇ?
– ಓದುಗರು, ದಕ್ಷಿಣ ಕನ್ನಡ

ಉತ್ತರ: ಆಗುತ್ತದೆ. ಆದರೆ ಹಾಡು ಮೊದಲು, ಪುಸ್ತಕ ಆಮೇಲೆ. ಈ ಕ್ರಮವೊಂದನ್ನು ಒತ್ತಿ ಹೇಳಬೇಕೆಂದೇ ಇಷ್ಟು ಉದ್ದದ ಉತ್ತರ ಬರೆಯಲು ಕೂತಿದ್ದೇನೆ. ನಾನೂ ಗುರುವಿಲ್ಲದೆ ಪುಸ್ತಕ ಹಿಡಿದೇ ಈ ಸಂಗೀತಕ್ಕೆ ಇಳಿದವನು. ಕ್ರಮ ತಪ್ಪಿದ್ದರಿಂದ ಎರಡು ವರ್ಷ ಕಳೆದುಕೊಂಡೆ. ನಿಮಗೆ ಹಾಗಾಗುವುದು ಬೇಡ.

ಮೊದಲು ವಾದ್ಯದ ಸಂಶಯ ತೀರಿಸಿಬಿಡೋಣ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದದ್ದು ಒಂದೇ ವಾದ್ಯಕ್ಕಲ್ಲ, ದೊಡ್ಡದು ಚಿಕ್ಕದು ಸೇರಿದ ಒಂದು ಕುಟುಂಬಕ್ಕೇ. ಆ ಕುಟುಂಬದಲ್ಲಿ ಎಲ್ಲರ ಬೆರಳ ಹಿಡಿತವೂ ಒಂದೇ. ರಾಕ್, ಬ್ಲೂಸ್‌ಗಳಲ್ಲಿ ಹೆಚ್ಚಾಗಿ ಕೇಳುವುದು ಟೆನರ್, ನಿಜ. ಹಾಗೆಂದು ಆಲ್ಟೊ ಹಿಡಿದವರೇನೂ ಹಿಂದೆ ಬಿದ್ದಿಲ್ಲ. ರಾಕ್ ಹುಟ್ಟುವ ಮೊದಲೇ ಅದಕ್ಕೆ ಹಾದಿ ಮಾಡಿಕೊಟ್ಟ ಲೂಯಿ ಜೋರ್ಡನ್ ಆಲ್ಟೊ ವಾದಕ. 1978ರ ‘ಬೇಕರ್ ಸ್ಟ್ರೀಟ್’ ಹಾಡಿನ, ಊರೆಲ್ಲ ಗುನುಗಿದ ಆ ಪಲ್ಲವಿಯನ್ನು ರಾಫೆಲ್ ರೇವನ್ಸ್‌ಕ್ರಾಫ್ಟ್ ನುಡಿಸಿದ್ದು ಆಲ್ಟೊದಲ್ಲಿ. ಗೊಗ್ಗರು ದನಿ ಅಂದಿರಲ್ಲ, ಅದಕ್ಕೆ ಅರ್ಲ್ ಬಾಸ್ಟಿಕ್ ಅವರ 1951ರ ‘ಫ್ಲೆಮಿಂಗೊ’ ಕೇಳಿ. ಅದೂ ಆಲ್ಟೊ. ಮರುವರ್ಷವೇ ಆ ಬಾಸ್ಟಿಕ್ ತಂಡಕ್ಕೆ, ಮುಂದೆ ಜಾಝ್ ದಿಗ್ಗಜರಾದ ಜಾನ್ ಕೋಲ್ಟ್ರೇನ್ ಸೇರಿಕೊಂಡರು ಎಂದರೆ ಬಾಸ್ಟಿಕ್ ಕೈಚಳಕ ಎಂಥದ್ದಿರಬೇಕು ಎಂದು ಊಹಿಸಿ. ಹೊಸ ವಾದ್ಯಕ್ಕಾಗಿ ದುಡ್ಡು ಹೊಂದಿಸಲು ಹೋಗಬೇಡಿ.

ಇನ್ನು ಪುಸ್ತಕದ ಮಾತು. ನೀವು ಕೇಳಿ ಮರುಳಾದ ಆ ದನಿಗಳಲ್ಲಿ ಒಂದೂ ಪುಸ್ತಕದಿಂದ ಹುಟ್ಟಿದ್ದಲ್ಲ. 1942ರ ಮೇ ತಿಂಗಳಲ್ಲಿ ಲಯೊನೆಲ್ ಹ್ಯಾಂಪ್ಟನ್ ತಂಡ ‘ಫ್ಲೈಯಿಂಗ್ ಹೋಮ್’ ಧ್ವನಿಮುದ್ರಿಸಿದಾಗ ಇಲಿನಾಯ್ ಜಾಕೆಟ್‌ಗೆ 19 ವರ್ಷ. ಆಲ್ಟೊ ನುಡಿಸುತ್ತಿದ್ದ ಹುಡುಗ, ಹ್ಯಾಂಪ್ಟನ್ ಹೇಳಿದರೆಂದು ಟೆನರ್ ಹಿಡಿದವನು. ಅಂದು ಆತ ಒಂದೇ ಸ್ವರವನ್ನು ಮತ್ತೆ ಮತ್ತೆ ಬಾರಿಸಿ ಕೇಳುವವರನ್ನು ಕುದಿಸಿದ ರೀತಿಯೇ ಮುಂದಿನ ಒಂದು ಪೀಳಿಗೆಯ ಟೆನರ್ ವಾದಕರಿಗೆ ಪಾಠವಾಯಿತು. 1949ರಲ್ಲಿ ‘ಡೀಕನ್ಸ್ ಹಾಪ್’ ತಂದ ಬಿಗ್ ಜೇ ಮೆಕ್‌ನೀಲಿ ವೇದಿಕೆಯ ಮೇಲೆ ಅಂಗಾತ ಮಲಗಿ ನುಡಿಸುತ್ತಿದ್ದರು. 1955ರಲ್ಲಿ ನ್ಯೂ ಆರ್ಲಿಯನ್ಸ್‌ನ ಪುಟ್ಟ ಸ್ಟುಡಿಯೋದಲ್ಲಿ ಲಿಟಲ್ ರಿಚರ್ಡ್ ‘ಟೂಟಿ ಫ್ರೂಟಿ’ ಹಾಡಿದಾಗ ನಡುವೆ ಟೆನರ್ ಊದಿದವರು ಲೀ ಆಲನ್. ಮೂರು ವರ್ಷ ಕಳೆದು ‘ಯಾಕೆಟಿ ಯಾಕ್’ ಹಾಡಿಗೆ ಕಿಂಗ್ ಕರ್ಟಿಸ್ ಊದಿದ ಆ ಚುಟುಕು ಚುಟುಕಾದ ತುಣುಕುಗಳನ್ನು ಇಂದಿಗೂ ಹುಡುಗರು ನಕಲು ಮಾಡುತ್ತಾರೆ. ಇವರೆಲ್ಲ ಒಬ್ಬರ ರೆಕಾರ್ಡ್ ಇನ್ನೊಬ್ಬರು ಕೇಳಿ, ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ನಿಂತು ಕಲಿತವರು. ಆಮೇಲೆ ಯಾರೋ ಕೂತು ಆ ರೆಕಾರ್ಡುಗಳನ್ನು ಸ್ವರಲಿಪಿಗೆ ಇಳಿಸಿದರು. ಈ ವಿಷಯದ ಪುಸ್ತಕಗಳು ಹುಟ್ಟಿದ್ದು ಹಾಗೆ. ಮೂಲ ಕೇಳದೆ ನಕಲನ್ನು ಓದಿದರೆ ಬೆರಳು ಓಡುತ್ತದೆ, ಹಾಡು ಬರುವುದಿಲ್ಲ.

ಇದು ನಿಮಗೆ ಹೊಸ ಮಾತಲ್ಲ. ವರ್ಣದ ಪುಸ್ತಕ ತೆರೆದರೆ ಏನಿರುತ್ತದೆ? ಸರಿಗಮ ಅಕ್ಷರ, ಅಡ್ಡಗೆರೆ, ತಾಳದ ಗುರುತು. ಆ ಗಾಂಧಾರವನ್ನು ಎಷ್ಟು ತೂಗಬೇಕು, ಜಾರು ಎಲ್ಲಿ ಬೇಕು ಎಂಬುದನ್ನು ನಿಮ್ಮ ಗುರುಗಳು ಊದಿ ತೋರಿಸಿದರು, ನೀವು ಹಿಂದೆಯೇ ಊದಿದಿರಿ. ಬ್ಲೂಸ್ ಪುಸ್ತಕವೂ ಅಷ್ಟೇ. ಸ್ವರದ ಎಡಕ್ಕೆ ಕೆಳಗಿನಿಂದ ಬಂದ ಒಂದು ಬಾಗುಗೆರೆ ಇದ್ದರೆ ಕೆಳಗಿನಿಂದ ಜಾರಿ ಬಾ ಎಂದರ್ಥ. ಬಲಕ್ಕೆ ಇಳಿಗೆರೆ ಇದ್ದರೆ ಸ್ವರವನ್ನು ಕೆಳಕ್ಕೆ ಉದುರಿಸು ಎಂದು. ಸ್ವರದ ನೆತ್ತಿಯ ಮೇಲೆ ಕೂಡಿಸುವ ಚಿಹ್ನೆ ಮತ್ತು ಸೊನ್ನೆ ಒಂದರ ಪಕ್ಕ ಒಂದು ಬಂದರೆ ಒಂದೇ ಸ್ವರಕ್ಕೆ ಎರಡು ಹಿಡಿತ ಬದಲಾಯಿಸುತ್ತಾ ಹೋಗು ಎಂದು. ಎಷ್ಟು ಕೆಳಗಿನಿಂದ ಜಾರಬೇಕು, ಎಷ್ಟು ಹೊತ್ತು ತೆಗೆದುಕೊಂಡು ಜಾರಬೇಕು? ಆ ಗೆರೆ ಹೇಳುವುದಿಲ್ಲ. ಹಾಡು ಹೇಳುತ್ತದೆ. ಗೆರೆಯ ಹಿಂದೆ ಒಂದು ದನಿ ಇದೆ ಎಂಬ ಎಚ್ಚರ ಆರು ವರ್ಷದಿಂದ ನಿಮ್ಮೊಳಗೆ ಬೆಳೆದಿದೆ. ಲಿಪಿ ಓದುವುದನ್ನಷ್ಟೇ ಕಲಿತು ಬಂದ ಎಷ್ಟೋ ವಿದ್ಯಾರ್ಥಿಗಳಿಗಿಂತ ಈ ವಿಷಯದಲ್ಲಿ ನೀವು ಮುಂದಿದ್ದೀರಿ.

ಈಗ ಆ ಗೊಗ್ಗರು ದನಿಗೆ ಬರೋಣ. ಗ್ರೌಲ್ ಎನ್ನುತ್ತಾರೆ. ಪುಸ್ತಕಗಳು ಇದನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ: ಊದುವಾಗ ಗಂಟಲಿನಲ್ಲಿ ಹಾಡು ಎಂದು. ಸೂತ್ರ ಸರಿಯೇ. ರೀಡ್ ಒಂದು ಕಂಪನ ಕೊಡುತ್ತದೆ, ಗಂಟಲಿನ ತಂತುಗಳು ಇನ್ನೊಂದು ಕೊಡುತ್ತವೆ. ಎರಡೂ ಒಂದೇ ಗಾಳಿಯಲ್ಲಿ ಡಿಕ್ಕಿ ಹೊಡೆದಾಗ ಸ್ವರ ಒರಟಾಗುತ್ತದೆ. ಮಾಡಲು ಹೋದರೆ ಮಾತ್ರ ಒಂದೋ ದನಿ ನಿಲ್ಲುತ್ತದೆ, ಇಲ್ಲವೇ ಊದು ನಿಲ್ಲುತ್ತದೆ.

ಹೀಗೆ ಮಾಡಿ ನೋಡಿ. ವಾದ್ಯ ಕೆಳಗಿಡಿ. ತುಟಿಯನ್ನು ಊದುವ ಆಕಾರಕ್ಕೆ ತಂದು ಬರೀ ಗಾಳಿ ಬಿಡಿ. ಗಾಳಿ ಹೋಗುತ್ತಿರುವಾಗಲೇ ಅದಕ್ಕೆ ಊ ಎಂಬ ದನಿ ಸೇರಿಸಿ. ಅಂಗೈ ಬಾಯಿಯ ಮುಂದೆ ಹಿಡಿಯಿರಿ. ದನಿ ಸೇರಿದ ಮೇಲೂ ಗಾಳಿ ಅಷ್ಟೇ ಬಿರುಸಾಗಿ ಅಂಗೈಗೆ ತಾಗುತ್ತಿರಬೇಕು. ಹೆಚ್ಚಿನವರಿಗೆ ಇಲ್ಲೇ ತಪ್ಪುತ್ತದೆ, ದನಿ ಬಂದ ಕೂಡಲೇ ಗಾಳಿ ಸೋರಿಹೋಗುತ್ತದೆ. ಇದು ಕೂಡಿಬಂದ ಮೇಲೆ ಮೌತ್‌ಪೀಸನ್ನು ಕತ್ತಿನ ಕೊಳವೆಗೆ ಸಿಕ್ಕಿಸಿ, ಅಷ್ಟರಲ್ಲೇ ಊದಿ ಇದನ್ನೇ ಮಾಡಿ. ಆಮೇಲೆ ಪೂರ್ತಿ ವಾದ್ಯ. ಎಡಗೈಯ ಮೂರು ಬೆರಳು ಮುಚ್ಚಿದಾಗ ಬರುವ ಸ್ವರ ಇದಕ್ಕೆ ಹದವಾದದ್ದು. ತೀರಾ ಕೆಳಗಿನ ಸ್ವರಗಳಲ್ಲಿ ಶುರುಮಾಡಿದರೆ ಗೊಟಗೊಟ ಎನ್ನುತ್ತದೆ, ಕೈಬಿಡುವ ಮನಸ್ಸಾಗುತ್ತದೆ.

ಕರ್ನಾಟಕ ಸಂಗೀತ ಕಲಿತವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಯಾವ ಪುಸ್ತಕದಲ್ಲೂ ನಾನು ಅದನ್ನು ಕಂಡಿಲ್ಲ, ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಗಂಟಲು ತಾನಾಗಿ ಶ್ರುತಿಗೆ ಸೇರಿಕೊಳ್ಳುತ್ತದೆ. ವಾದ್ಯ ಪಂಚಮ ನುಡಿದರೆ ಒಳಗಿನ ದನಿಯೂ ಪಂಚಮಕ್ಕೇ ಹೋಗಿ ಕೂರುತ್ತದೆ. ಎರಡೂ ಒಂದೇ ಸ್ವರದಲ್ಲಿ ಕೂಡಿದರೆ ಒರಟು ಹುಟ್ಟುವುದಿಲ್ಲ. ವಾದ್ಯದ ಸ್ವರ ಏರಿಳಿದರೂ ಒಳಗಿನ ದನಿ ಬೇರೆಲ್ಲೋ ಒಂದು ಕಡೆ ಗಟ್ಟಿಯಾಗಿ ನಿಲ್ಲಬೇಕು. ಶ್ರುತಿ ಬಿಡಲು ನಾವು ಅಭ್ಯಾಸ ಮಾಡಬೇಕಾಗುತ್ತದೆ! ನನಗೆ ಇದು ಅರ್ಥವಾದದ್ದು ಒಳಗಿನ ದನಿಯನ್ನು ಬೇಕೆಂದೇ ತಗ್ಗಿಸಿ, ಹಾಡುವುದಕ್ಕಿಂತ ನರಳುವುದಕ್ಕೆ ಹತ್ತಿರ ತಂದಾಗ. ಒಮ್ಮೆಲೇ ಇಡೀ ಕೋಣೆ ತುಂಬುವ ದನಿ ಬಂತು. ದಿನಕ್ಕೆ ಐದು ನಿಮಿಷ ಮೀರಬೇಡಿ. ಗಂಟಲು ಕೆರೆದರೆ ಅಂದಿಗೆ ಸಾಕು.

ಚೀರುವ ಮೇಲಿನ ಸ್ವರಗಳ ಕಥೆ ಬೇರೆ. ಸ್ಯಾಕ್ಸೋಫೋನಿನ ಮಾಮೂಲಿ ವ್ಯಾಪ್ತಿ ಎರಡೂವರೆ ಸ್ಥಾಯಿ. ಅದರ ಮೇಲೆಯೂ ಒಂದು ಲೋಕವಿದೆ, ಆಲ್ಟಿಸಿಮೊ ಎನ್ನುತ್ತಾರೆ. ಇದಕ್ಕೆ ಪುಸ್ತಕ ನಿಜಕ್ಕೂ ಬೇಕು, ಏಕೆಂದರೆ ಇಲ್ಲಿನ ಬೆರಳ ಹಿಡಿತಗಳು ವಿಚಿತ್ರ, ಕೇಳಿ ಕಂಡುಹಿಡಿಯುವಂಥವಲ್ಲ. ಒಂದು ಪುಸ್ತಕ ಮಾತ್ರ ಕೊಳ್ಳಲು ಸಾಧ್ಯ ಎನ್ನುವವರಿಗೆ ನಾನು ಹೇಳುವುದು ಸಿಗರ್ಡ್ ರಾಶರ್ 1941ರಲ್ಲಿ ಹೊರತಂದ ‘ಟಾಪ್ ಟೋನ್ಸ್ ಫಾರ್ ದ ಸ್ಯಾಕ್ಸೋಫೋನ್’. ರಾಶರ್ ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶಾಸ್ತ್ರೀಯ ವಾದಕರು. ರಷ್ಯದ ಸಂಗೀತ ರಚನಕಾರ ಗ್ಲಾಜುನೋವ್, ರಾಶರ್ ಅವರಿಗಾಗಿಯೇ ಒಂದು ಕಾನ್ಚೆರ್ಟೊ ಬರೆದುಕೊಟ್ಟಿದ್ದರು. ರಾಕ್‌ಗೂ ಅವರಿಗೂ ಸಂಬಂಧವಿಲ್ಲ. ಆದರೂ ರಾಕ್ ವಾದಕರಿಗೆ ಬೇಕಾದ ಚೀತ್ಕಾರದ ದಾರಿ ಅವರ ಪುಸ್ತಕದಲ್ಲಿದೆ. ಅದರಲ್ಲಿ ಹಿಡಿತಗಳ ಪಟ್ಟಿಗಿಂತ ಮೊದಲು ದೀರ್ಘ ಸ್ವರಗಳ ಸಾಧನೆ, ಓವರ್‌ಟೋನ್‌ಗಳ ಸಾಧನೆ ಬರುತ್ತದೆ. ಅವಸರದಲ್ಲಿ ಆ ಪುಟಗಳನ್ನು ದಾಟಿ ನೇರ ಪಟ್ಟಿಗೆ ಹೋಗುವವರು ಬಹಳ.

ನಾನೂ ಹಾಗೇ ಮಾಡಿದೆ. ಪಟ್ಟಿ ನೋಡಿ ಬೆರಳಿಟ್ಟೆ, ಸ್ವರ ಬರಲಿಲ್ಲ. ತುಟಿ ಬಿಗಿದೆ. ಇನ್ನೂ ಬಿಗಿದೆ. ಕೀಚು ಕೀಚು ಎಂದು ಏನೋ ಬಂದಂತಾಯಿತು, ಅದನ್ನೇ ಹಿಡಿದು ಸಾಧಿಸಿದೆ. ನಾಲ್ಕು ತಿಂಗಳಲ್ಲಿ ಕೆಳತುಟಿಯ ಒಳಬದಿ ಹಲ್ಲಿನ ಅಚ್ಚಿನ ಆಕಾರಕ್ಕೆ ಗಾಯವಾಗಿ, ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಳ್ಳಲು ಆಗದ ಸ್ಥಿತಿ ಬಂತು. ಒಂದು ತಿಂಗಳು ವಾದ್ಯ ಮುಟ್ಟಲಿಲ್ಲ. ಆ ಬಿಡುವಿನಲ್ಲಿ ರಾಶರ್ ಪುಸ್ತಕದ ಮೊದಲ ಪುಟಗಳನ್ನು ಓದಿದಾಗ ನನ್ನ ತಪ್ಪು ಗೊತ್ತಾಯಿತು.

ಸಾಧನೆ ಇದು: ವಾದ್ಯದ ಅತಿ ಕೆಳಗಿನ ಸ್ವರವನ್ನು, ಎಲ್ಲ ರಂಧ್ರ ಮುಚ್ಚಿದಾಗ ಬರುವ ಬಿ ಫ್ಲಾಟನ್ನು, ಹಿಡಿಯಿರಿ. ಬೆರಳು ಅಲುಗಿಸದೆ, ಸ್ಥಾಯಿಯ ಕೀಲಿ ಮುಟ್ಟದೆ, ಅದೇ ಹಿಡಿತದಲ್ಲಿ ಮೇಲಿನ ಸ್ವರಗಳನ್ನು ಹೊರಡಿಸಿ. ಕೆಳಗಿನದನ್ನು ಷಡ್ಜ ಎಂದುಕೊಂಡರೆ ಮೊದಲು ಮೇಲಿನ ಷಡ್ಜ ಬರುತ್ತದೆ, ನಂತರ ಪಂಚಮ, ಮತ್ತೆ ಷಡ್ಜ, ಅದರ ಮೇಲೆ ಅಂತರ ಗಾಂಧಾರ, ಮತ್ತೆ ಪಂಚಮ. ತಂಬೂರಿ ಚೆನ್ನಾಗಿ ಸೇರಿದಾಗ ಮಂದ್ರದ ತಂತಿಯಿಂದ ತಾನಾಗಿ ಕೇಳಿಸುವ ಸ್ವಯಂಭೂ ಗಾಂಧಾರ ನೆನಪಿದೆಯಲ್ಲ, ಅದೇ ಇದು. ಅಲ್ಲಿ ತಂತಿ, ಇಲ್ಲಿ ಹಿತ್ತಾಳೆಯ ಕೊಳವೆ. ಈ ಸ್ವರಗಳನ್ನು ಎಬ್ಬಿಸುವುದು ನಾಲಿಗೆಯ ಹಿಂಭಾಗ ಮತ್ತು ಗಂಟಲ ಆಕಾರ. ತುಟಿ ಬಿಗಿದು ಎಬ್ಬಿಸಲು ಹೋದರೆ ನನ್ನ ಗತಿಯಾಗುತ್ತದೆ. ಸ್ವರ ಬರುವ ಮೊದಲೇ ಅದನ್ನು ಮನಸ್ಸಿನಲ್ಲಿ ಹಾಡಿಕೊಳ್ಳಿ. ಹಾಡಿಕೊಂಡರೆ ಗಂಟಲು ಆ ಆಕಾರಕ್ಕೆ ತಿರುಗುತ್ತದೆ. ದಿನಕ್ಕೆ ಹತ್ತು ನಿಮಿಷ, ಆರು ತಿಂಗಳು. ಆಮೇಲೆ ಹಿಡಿತಗಳ ಪಟ್ಟಿ ತೆರೆಯಿರಿ. ಸ್ವರಗಳು ನಿಮಗಾಗಿ ಕಾಯುತ್ತಿರುತ್ತವೆ.

ಸ್ವರ ಬಗ್ಗಿಸುವುದಕ್ಕೆ ಇಂಗ್ಲಿಷ್ ಪುಸ್ತಕಗಳು ತಮ್ಮ ಭಾಷೆಯ ಸ್ವರಾಕ್ಷರ ಬಳಸುತ್ತವೆ. ನಮಗೆ ನಮ್ಮ ವರ್ಣಮಾಲೆಯೇ ಸಾಕು. ಬರೀ ಮೌತ್‌ಪೀಸ್ ಊದುತ್ತಾ ತುಟಿ ಅಲುಗಿಸದೆ ಒಳಗೆ ಈ, ಊ, ಓ ಎಂದು ನಾಲಿಗೆ ಇಳಿಸುತ್ತಾ ಬನ್ನಿ. ಸ್ವರವೂ ಇಳಿಯುತ್ತದೆ. ಗಮಕ ನುಡಿಸುವ ನಿಮಗೆ ಇದು ವಾರದಲ್ಲೇ ಕೈಗೆ ಬರುತ್ತದೆ. ಹೆಚ್ಚು ಹೇಳುವುದಿಲ್ಲ. ಒಂದೇ ಸ್ವರಕ್ಕೆ ಎರಡು ಹಿಡಿತ ಬದಲಿಸುವುದೂ ಸುಲಭ. ನಡುಬೆರಳೊಂದರಿಂದ ಬರುವ ‘ಸಿ’ಯನ್ನು ಒಮ್ಮೆ ಹಾಗೇ ನುಡಿಸಿ. ಮರುಕ್ಷಣ ಕೆಳಗಿನ ‘ಸಿ’ಯ ಪೂರ್ತಿ ಹಿಡಿತದಲ್ಲಿ ಓವರ್‌ಟೋನಾಗಿ ಅದೇ ಸ್ವರ ಎಬ್ಬಿಸಿ. ಸ್ವರ ಒಂದೇ, ಬಣ್ಣ ಎರಡು. ಇದನ್ನು ವೇಗವಾಗಿ ಬದಲಾಯಿಸಿದರೆ ವಾ-ವಾ ಎನ್ನುತ್ತದೆ. 1930ರ ದಶಕದಲ್ಲೇ ಟೆನರ್ ವಾದಕ ಲೆಸ್ಟರ್ ಯಂಗ್ ಇದನ್ನು ಬಳಸುತ್ತಿದ್ದರು, ರಾಕ್‌ನವರು ಅವರಿಂದ ಪಡೆದುಕೊಂಡರು.

ಕರ್ನಾಟಕ ಸಂಗೀತದವರಿಗೆ ನಿಜವಾದ ಕಷ್ಟ ಬೇರೆ ಕಡೆ ಇದೆ. ಬ್ಲೂಸ್‌ನ ಸ್ವರಗಳನ್ನು ಪುಸ್ತಕದಲ್ಲಿ ನೋಡಿದಾಗ ನಿಮಗೆ ಪರಿಚಿತರನ್ನು ಕಂಡಂತೆ ಆಗಿರಬೇಕು. ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ: ಶುದ್ಧ ಧನ್ಯಾಸಿಯ ಸ್ವರಗಳೇ. ಮಧ್ಯಮ ಪಂಚಮಗಳ ನಡುವೆ ಪ್ರತಿ ಮಧ್ಯಮವನ್ನು ಸೋಕಿಸುತ್ತಾರೆ, ಅಷ್ಟೇ ಹೆಚ್ಚು. ಈ ಹೋಲಿಕೆಯನ್ನು ನಂಬಿ ಶುದ್ಧ ಧನ್ಯಾಸಿಯ ಸಂಚಾರ ಶುರುಮಾಡಿದರೆ ಬ್ಲೂಸ್ ಬರುವುದಿಲ್ಲ. ಬ್ಲೂಸ್‌ನ ಗಾಂಧಾರ ಸಾಧಾರಣಕ್ಕೂ ಅಂತರಕ್ಕೂ ನಡುವಿನ ಹೊಸ್ತಿಲಲ್ಲಿ ನಿಲ್ಲುತ್ತದೆ, ಗಿಟಾರ್ ಮತ್ತು ಪಿಯಾನೊಗಳು ಹಿಂದೆ ಅಂತರ ಗಾಂಧಾರವನ್ನೇ ಹಿಡಿದಿರುತ್ತವೆ. ಆ ತಿಕ್ಕಾಟದಲ್ಲೇ ಅದರ ನೋವು ಇರುವುದು. ಇನ್ನೂ ಮುಖ್ಯವಾದದ್ದು, ನಮ್ಮ ಆಧಾರ ಷಡ್ಜ ಕಛೇರಿ ಮುಗಿಯುವ ತನಕ ಅಲುಗುವುದಿಲ್ಲ. ಅಲ್ಲಿ ಕೆಳಗಿನ ನೆಲವೇ ಸರಿಯುತ್ತದೆ.

ಹೇಗೆ ಸರಿಯುತ್ತದೆ ಎಂಬುದನ್ನು ಪುಸ್ತಕ ಹನ್ನೆರಡು ಪಟ್ಟಿಗಳ (ಬಾರ್‌ಗಳ) ನಕ್ಷೆಯಾಗಿ ತೋರಿಸುತ್ತದೆ. ಒಂದೊಂದು ಪಟ್ಟಿಗೆ ನಾಲ್ಕು ಎಣಿಕೆ, ಒಟ್ಟು 48. ಆದಿತಾಳದ ಲೆಕ್ಕದಲ್ಲಿ ಸರಿಯಾಗಿ ಆರು ಆವರ್ತನ. ಕೈಯಲ್ಲಿ ತಾಳ ಹಾಕಿಕೊಂಡು ಇದನ್ನು ಹಾಡಿ ನೋಡಿ: ಮೊದಲೆರಡು ಆವರ್ತನ ಷಡ್ಜ. ಮೂರನೆಯದು ಮಧ್ಯಮ. ನಾಲ್ಕನೆಯದು ಮತ್ತೆ ಷಡ್ಜ. ಐದನೆಯದರಲ್ಲಿ ಲಘು ಪೂರ್ತಿ ಪಂಚಮ, ಎರಡು ದ್ರುತಗಳಿಗೆ ಮಧ್ಯಮ. ಆರನೆಯದು ಷಡ್ಜಕ್ಕೆ ಮರಳುತ್ತದೆ. ಇಷ್ಟೇ. ಹಾಡಿನ ಸಾಹಿತ್ಯವೂ ಇದಕ್ಕೆ ಹೊಂದಿಕೊಂಡು ಬರುತ್ತದೆ. ಎರಡು ಆವರ್ತನಕ್ಕೆ ಒಂದು ಸಾಲು. ಮೊದಲ ಸಾಲನ್ನೇ ಎರಡನೇ ಸಲ ಹೇಳುತ್ತಾರೆ, ಮೂರನೆಯದು ಅದಕ್ಕೆ ಉತ್ತರ. ಪ್ರತಿ ಸಾಲಿನ ಕೊನೆಗೆ ಹಾಡುಗಾರ ಸುಮ್ಮನಾಗುತ್ತಾನೆ, ಆ ಜಾಗದಲ್ಲಿ ವಾದ್ಯ ಮಾತಾಡುತ್ತದೆ. ನಿಮ್ಮ ಕೆಲಸ ಆ ಜಾಗದಲ್ಲಿ. ಮಂಟಪದಲ್ಲಿ ಎಡೆಬಿಡದೆ ನುಡಿಸಿ ಅಭ್ಯಾಸವಾದವರಿಗೆ ಅರ್ಧ ಹೊತ್ತು ಸುಮ್ಮನೆ ನಿಲ್ಲುವುದು ಕಷ್ಟ. ಅದನ್ನೂ ಸಾಧನೆ ಎಂದೇ ತಿಳಿಯಿರಿ.

ನಡೆಯ ವಿಚಾರದಲ್ಲಿ ಪುಸ್ತಕ ಇನ್ನಷ್ಟು ಸೋಲುತ್ತದೆ. ಷಫಲ್ ಎಂಬ ನಡೆಯನ್ನು ಎರಡು ಸಮ ಸ್ವರಗಳಾಗಿ ಅಚ್ಚುಹಾಕಿ, ಮೇಲೆ ಇದನ್ನು ಸಮವಾಗಿ ನುಡಿಸಬೇಡಿ ಎಂದು ಬರೆದಿರುತ್ತಾರೆ. ನಾವು ಹೇಳಿಕೊಳ್ಳುವುದಾದರೆ ಅದು ತಿಶ್ರ ನಡೆ. ತಕಿಟ ಎನ್ನುವಾಗ ಕಿ ನುಂಗಿಕೊಂಡು, ತ ಎಳೆದು ಟ ತಾಗಿಸುವುದು. ಒತ್ತು ಬೀಳುವುದು ಮಾತ್ರ ನಮ್ಮ ಸಮದ ಮೇಲಲ್ಲ. ಆದಿತಾಳ ಹಾಕುತ್ತಾ ಗಮನಿಸಿ, ಕಿರುಬೆರಳಿನ ಎಣಿಕೆ, ನಡುಬೆರಳಿನ ಎಣಿಕೆ, ಆಮೇಲೆ ಎರಡು ಬೀಸುಗಳು. ಡ್ರಮ್ಮಿನವನು ಹೊಡೆಯುವುದು ಆ ನಾಲ್ಕು ಜಾಗಕ್ಕೆ. ನಾವು ಬೀಸಿ ಬಿಡುವ ಎಣಿಕೆಯಲ್ಲಿ ಅವರಿಗೆ ತೂಕ. ಒಂದು ವಾರ ವಾದ್ಯ ಮುಟ್ಟದೆ, ಹಾಡು ಹಾಕಿಕೊಂಡು ಇದನ್ನೇ ಎಣಿಸಿ. ಮೈಗೆ ಹತ್ತಿದ ಮೇಲೆ ಪುಸ್ತಕದ ಲಿಪಿ ತಾನಾಗಿ ಸರಿಯಾಗಿ ಕೇಳಿಸುತ್ತದೆ.

ಯಾವ ಹಾಡಿನಿಂದ ಶುರು? ನಿಮಗೆಂದೇ ಯೋಚಿಸಿ ಹೇಳುತ್ತೇನೆ: ಜೂನಿಯರ್ ವಾಕರ್ ಅವರ 1965ರ ‘ಶಾಟ್‌ಗನ್’. ಗುಂಡಿನ ಸದ್ದಿನಿಂದ ಶುರುವಾಗುವ ಆ ಹಾಡು ಉದ್ದಕ್ಕೂ ಒಂದೇ ಕಾರ್ಡ್ ಮೇಲೆ ನಿಂತಿದೆ. ಎಂದರೆ ನೆಲ ಸರಿಯುವುದಿಲ್ಲ, ಶ್ರುತಿ ಪೆಟ್ಟಿಗೆಯ ಮೇಲೆ ನುಡಿಸಿ ಬೆಳೆದ ನಿಮ್ಮ ಕಿವಿಗೆ ಕಾಲೂರಲು ಜಾಗ ಸಿಗುತ್ತದೆ. ಗ್ರೌಲ್ ಇದೆ, ಮೇಲಿನ ಚೀತ್ಕಾರ ಇದೆ. ಆಮೇಲೆ ನೆಲ ಸರಿಯುವುದನ್ನು ಕಲಿಯಲು ಬಿಲ್ ಡಾಗೆಟ್ ತಂಡದ 1956ರ ‘ಹಾಂಕಿ ಟಾಂಕ್’, ಅದರ ಎರಡನೇ ಭಾಗ. ಅಲ್ಲಿ ಟೆನರ್ ಊದಿದವರು ಕ್ಲಿಫರ್ಡ್ ಸ್ಕಾಟ್. ಅವಸರವಿಲ್ಲದ ನಡೆ, ಹನ್ನೆರಡು ಪಟ್ಟಿಯ ಸುತ್ತು, ಪ್ರತಿಯೊಂದು ಮಾತೂ ಸ್ಪಷ್ಟ.

ಒಂದು ಸುತ್ತನ್ನು ಮಾತ್ರ ತೆಗೆದುಕೊಳ್ಳಿ. ಕೇಳುತ್ತಾ ಬಾಯಲ್ಲಿ ಹಾಡಿ, ತಪ್ಪಿಲ್ಲದೆ ಬರುವ ತನಕ ವಾದ್ಯ ಮುಟ್ಟಬೇಡಿ. ಫೋನಿನಲ್ಲಿ ವೇಗ ತಗ್ಗಿಸಿ ಕೇಳುವ ಸೌಲಭ್ಯವಿದೆ, ಬಳಸಿಕೊಳ್ಳಿ. ಬಾಯಿಗೆ ಬಂದದ್ದನ್ನು ವಾದ್ಯದಲ್ಲಿ ಹುಡುಕಿ ತೆಗೆಯಿರಿ. ನಂತರ ನೋಟ್‌ಪುಸ್ತಕದಲ್ಲಿ ನಿಮಗೆ ಅಭ್ಯಾಸವಿರುವ ಸರಿಗಮದಲ್ಲೇ ಪೆನ್ಸಿಲಿನಿಂದ ಬರೆಯಿರಿ. ಜಾರಿಗೆ, ಗೊಗ್ಗರಿಗೆ, ಉದುರಿಸುವುದಕ್ಕೆ ನಿಮ್ಮದೇ ಗುರುತು ಮಾಡಿಕೊಳ್ಳಿ. ಎಲ್ಲ ಆದ ಮೇಲೆ ಪುಸ್ತಕ ತೆರೆದು ಅವರು ಬರೆದದ್ದರ ಜೊತೆ ಹೋಲಿಸಿ. ಡೆನಿಸ್ ಟೇಲರ್ ಅವರ ‘ಬ್ಲೂಸ್ ಸ್ಯಾಕ್ಸೋಫೋನ್’ ಹಳೆಯ ದಿಗ್ಗಜರ ಶೈಲಿಗಳನ್ನೇ ಹಿಡಿದು ಹೋಗುವ ಪುಸ್ತಕ, ಹೀಗೆ ಹೋಲಿಸಿ ನೋಡಲು ಒಳ್ಳೆಯದು. ಉಸಿರು, ತುಟಿಯ ಹಿಡಿತದಂಥ ಮೂಲ ಸಂಗತಿಗಳಲ್ಲಿ ಸಂಶಯ ಬಂದಾಗ ತೆರೆದು ನೋಡಲು ಲ್ಯಾರಿ ಟೀಲ್ 1963ರಲ್ಲಿ ಬರೆದ ‘ದಿ ಆರ್ಟ್ ಆಫ್ ಸ್ಯಾಕ್ಸೋಫೋನ್ ಪ್ಲೇಯಿಂಗ್’ ಇರಲಿ. ಪುಸ್ತಕ ತಪ್ಪು ಎಂದು ನಿಮಗೆ ಎಲ್ಲಾದರೂ ಅನ್ನಿಸಿದರೆ, ಮತ್ತೆ ಹಾಡು ಕೇಳಿ. ಒಮ್ಮೊಮ್ಮೆ ನಿಮ್ಮ ಕಿವಿಯೇ ಸರಿಯಿರುತ್ತದೆ.

ಒಂದು ಎಚ್ಚರಿಕೆ, ತರಿಸಿಕೊಂಡ ಪುಸ್ತಕಗಳ ಮುಖಪುಟ ಈಗಲೇ ನೋಡಿ. ಆಲ್ಟೊ ಇ ಫ್ಲಾಟ್ ವಾದ್ಯ, ಟೆನರ್ ಬಿ ಫ್ಲಾಟ್ ವಾದ್ಯ. ಬಿ ಫ್ಲಾಟ್‌ಗೆಂದು ಬರೆದ ಪುಸ್ತಕವನ್ನು ಆಲ್ಟೊದಲ್ಲಿ ನುಡಿಸಿದರೆ ಜೊತೆಗೆ ಬಂದ ಹಾಡಿನ ಶ್ರುತಿಗೆ ಸೇರುವುದಿಲ್ಲ. ಎಷ್ಟೋ ಜನ ತಮ್ಮ ಕಿವಿಯೇ ಸರಿಯಿಲ್ಲ ಎಂದು ಕೈಬಿಟ್ಟದ್ದು ಇದರಿಂದ. ಮುಂದೆ ಗಿಟಾರಿನವರ ಜೊತೆ ನುಡಿಸುವ ದಿನ ಬಂದಾಗ ಇನ್ನೊಂದು ಎದುರಾಗುತ್ತದೆ. ಅವರಿಗೆ ಸಲೀಸಾದ ಶ್ರುತಿಗಳು ‘ಇ’ ಮತ್ತು ‘ಎ’. ಆಲ್ಟೊದಲ್ಲಿ ಅವು ಸಿ ಶಾರ್ಪ್, ಎಫ್ ಶಾರ್ಪ್ ಆಗುತ್ತವೆ, ಬೆರಳಿಗೆ ತೊಡಕಿನವು. ಮೊದಲಿನಿಂದಲೇ ಕಲಿತ ಪ್ರತಿ ತುಣುಕನ್ನೂ ಈ ಎರಡರಲ್ಲಿ ನುಡಿಸಿಟ್ಟುಕೊಳ್ಳಿ.

ಮೌತ್‌ಪೀಸ್ ಬದಲಾಯಿಸಬೇಕೇ ಎಂದು ನೀವು ಕೇಳಿಲ್ಲ, ಆದರೆ ಕೇಳುವ ದಿನ ಬರುತ್ತದೆ. ರಾಕ್‌ನವರು ತುದಿಯ ಬಾಯಿ ಅಗಲವಾದದ್ದನ್ನು ಬಳಸುತ್ತಾರೆ. ಶಾಸ್ತ್ರೀಯ ಆಲ್ಟೊ ಮೌತ್‌ಪೀಸಿನ ತುದಿ 1.7 ಮಿಲಿಮೀಟರ್ ಆಸುಪಾಸು ತೆರೆದಿದ್ದರೆ ಅವರದು 2 ಮಿಲಿಮೀಟರ್ ಅಥವಾ ಮೇಲೆ. ದನಿ ಜೋರಾಗುತ್ತದೆ, ಜೊತೆಗೆ ಶ್ರುತಿಯ ಮೇಲಿನ ಹಿಡಿತ ಸಡಿಲವಾಗುತ್ತದೆ. ಮೊದಲ ವರ್ಷ ಇರುವುದರಲ್ಲೇ ಕಲಿಯಿರಿ. ಬೇಕಿದ್ದರೆ ರೀಡ್ ಮಾತ್ರ ಅರ್ಧ ನಂಬರು ಮೆತ್ತಗಿನದು ಹಾಕಿಕೊಳ್ಳಿ.

ನಿಮ್ಮ ಪತ್ರದಲ್ಲಿ ಬರೆಯದೆ ಬಿಟ್ಟ ಒಂದು ಅಳುಕು ನನಗೆ ಕಾಣುತ್ತಿದೆ: ಇತ್ತ ಹೋದರೆ ಕಲಿತ ವಿದ್ಯೆ ಕೆಡುತ್ತದೆಯೇ, ಗುರುಗಳು ಬೇಸರಪಟ್ಟುಕೊಳ್ಳುತ್ತಾರೆಯೇ? ನಿಮ್ಮ ಜಿಲ್ಲೆಯವರೇ ಆದ ಕದ್ರಿ ಗೋಪಾಲನಾಥರನ್ನು ನೆನೆಯಿರಿ. ನಾಗಸ್ವರದ ಮನೆಯ ಹುಡುಗ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತವರು. ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ಹೀಗೆ ನುಡಿಸು ಎಂದು ಹೇಳಲು ಅವರ ಮುಂದೆ ಯಾವ ಪುಸ್ತಕವೂ ಇರಲಿಲ್ಲ. ಕಿವಿಯಲ್ಲಿದ್ದ ನಾಗಸ್ವರವನ್ನು, ಗುರುಗಳ ಪಾಠವನ್ನು ಈ ಹಿತ್ತಾಳೆಗೆ ಒಗ್ಗಿಸಲು ವರ್ಷಗಟ್ಟಲೆ ಸಾಧನೆ ಮಾಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್ ವೇದಿಕೆಯಲ್ಲಿ ನುಡಿಸಿದರು. ಅಮೆರಿಕದ ಆಲ್ಟೊ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಬಂತು. ಒಬ್ಬರ ಬೆನ್ನಿಗೆ ಜಾಝ್, ಇನ್ನೊಬ್ಬರ ಬೆನ್ನಿಗೆ ಕೀರ್ತನೆ, ಇಬ್ಬರ ಕೈಯಲ್ಲೂ ಆಲ್ಟೊ. ಅದನ್ನೂ ಕೇಳಿ.

ಗುರುಗಳಿಗೆ ಮುಚ್ಚಿಡಬೇಡಿ. ‘ಫ್ಲೆಮಿಂಗೊ’ ಒಮ್ಮೆ ಅವರಿಗೂ ಕೇಳಿಸಿ. ಬೆಳಗಿನ ಸಾಧನೆ ಎಂದಿನಂತೆ ಸರಳೆ, ವರ್ಣಗಳಿಗೇ ಇರಲಿ. ಬ್ಲೂಸ್ ಸಂಜೆಗೆ. ಎರಡರ ನಡುವೆ ತುಟಿಗೆ ಗಂಟೆಗಳ ಬಿಡುವು ಸಿಗಬೇಕು. ಮರುದಿನ ಬೆಳಿಗ್ಗೆ ಮುಹೂರ್ತವಿದ್ದರೆ ಹಿಂದಿನ ಸಂಜೆ ಗ್ರೌಲ್ ಬೇಡ.

ಇವತ್ತು ಸಂಜೆ ಪುಸ್ತಕ ಬದಿಗಿಟ್ಟು ‘ಶಾಟ್‌ಗನ್’ ಹತ್ತು ಸಲ ಕೇಳಿ, ಕೈಯಲ್ಲಿ ಬರೀ ತಾಳವಿರಲಿ. ಮೂರು ತಿಂಗಳ ಮೇಲೆ ಒಂದು ಸುತ್ತು ನುಡಿಸಿ ಫೋನಿನಲ್ಲಿ ಧ್ವನಿಮುದ್ರಿಸಿ, ಒಂದು ವಾರ ಬಿಟ್ಟು ಕೇಳಿ. ಎಲ್ಲಿ ತಡೆಯಿತು ಎಂದು ನನಗೆ ಮತ್ತೆ ಬರೆಯಿರಿ, ಉತ್ತರ ಖಂಡಿತ ಬರೆಯುತ್ತೇನೆ.